‘ಈಡಾ’: ಮುಖ ಕತ್ತರಿಸಿದ್ದು ನಿರ್ದೇಶಕರಲ್ಲ

ನಿಮ್ಮ ಚಿತ್ರಸಮಾಜದಲ್ಲಿ ಪೋಲೆಂಡಿನ ‘ಈಡಾ’ ನೋಡುವಾಗ ಪಾತ್ರಗಳ ಗದ್ದವೇ ಕಾಣಲಿಲ್ಲ, ಸಬ್‌ಟೈಟಲ್ ಅರ್ಧ ಮಾಯವಾಗಿತ್ತು ಎಂದು ಬರೆದಿದ್ದೀರಿ. ಯುದ್ಧದ ಗಾಯದ ಸಿನಿಮಾ ಎಂದು ಹೇಳಿ ಯುದ್ಧವನ್ನೇ ತೋರಿಸಿಲ್ಲ ಎಂಬ ತಕರಾರೂ ಇದೆ.

ಮೊದಲು ಪ್ರೊಜೆಕ್ಟರ್. ಪಾವೆಲ್ ಪಾವ್ಲಿಕೋವ್ಸ್ಕಿ 2013ರ ಈ ಕಪ್ಪು-ಬಿಳುಪು ಚಿತ್ರವನ್ನು ರೂಪಿಸಿದ್ದು ಅಗಲ-ಎತ್ತರ 1.37:1ರ ಹಳೇ ಕಾಲದ ಚೌಕಟ್ಟಿಗೆ. 10 ಅಡಿ ಅಗಲದ 16:9 ಪರದೆಯಲ್ಲಿ ಅದಕ್ಕೆ ಸುಮಾರು 7.7 ಅಡಿ ಸಾಕು. ಎರಡೂ ಬದಿ ಕಪ್ಪಾಗಿಯೇ ಉಳಿಯಬೇಕು. ಆ ಕಪ್ಪು ಕಣ್ಣಿಗೆ ಚುಚ್ಚಿ ಯಾರೋ ‘ಜೂಮ್’ ಒತ್ತಿರಬೇಕು (ಪ್ರತಿ ಚಿತ್ರಸಮಾಜದಲ್ಲೂ ಅಂಥವರೊಬ್ಬರು ಇರುತ್ತಾರೆ). ಆಗ ಮೇಲೂ ಕೆಳಗೂ ಸೇರಿ ಎತ್ತರದ ಶೇ 23ರಷ್ಟು ಹಾರಿಹೋಗುತ್ತದೆ. ಬೇರೆ ಚಿತ್ರವಾದರೆ ನೆತ್ತಿ ಹೋದೀತು. ಇಲ್ಲಿ ಎಷ್ಟೋ ಶಾಟ್‌ಗಳಲ್ಲಿ ಮುಖ ಕೆಳ ಅಂಚಿಗೇ ಅಂಟಿಕೊಂಡಿದೆ, ಹಾಗಾಗಿ ಬಾಯಿ, ಗದ್ದವೇ ಹೋಗುತ್ತದೆ. ‘ಸ್ಟ್ರೆಚ್’ ಮಾಡಿದರೆ ಮುಖ ಶೇ 30ರಷ್ಟು ಅಗಲವಾಗುತ್ತದೆ. ಆಸ್ಪೆಕ್ಟ್ ರೇಶಿಯೋವನ್ನು (ಅಗಲ-ಎತ್ತರದ ಅನುಪಾತ) ಪ್ಲೇಯರ್, ಪ್ರೊಜೆಕ್ಟರ್ ಎರಡರಲ್ಲೂ ‘ಒರಿಜಿನಲ್’ಗೆ ಇಡಿ. ಬಣ್ಣ ‘ಕೂಲ್’ನಲ್ಲಿದ್ದರೆ ಬೂದು ನೀಲಿಯಾಗುತ್ತದೆ, ‘ವಾರ್ಮ್’ ಮಾಡಿ.

ತಲೆಯ ಮೇಲಿನ ಆ ಖಾಲಿ ಜಾಗ ದೇವರದೋ, ಯಾರೂ ಇಲ್ಲದ್ದೋ ಎಂದು ಚಿತ್ರ ಹೇಳುವುದಿಲ್ಲ. ಅದನ್ನೇ ಕತ್ತರಿಸಿಬಿಟ್ಟರೆ ಪ್ರಶ್ನೆಯೇ ಉಳಿಯದು.

ಇನ್ನು ಯುದ್ಧ. ಕಥೆ ನಡೆಯುವುದು 1962ರಲ್ಲಿ. ಕಾನ್ವೆಂಟಿನಲ್ಲಿ ಬೆಳೆದ ಆನ್ನಾ ಸನ್ಯಾಸದ ಪ್ರತಿಜ್ಞೆಗೆ ಮುನ್ನ ಚಿಕ್ಕಮ್ಮ ವಾಂಡಾಳನ್ನು ಕಾಣಲು ಹೋಗುತ್ತಾಳೆ. ತಾನು ಯಹೂದಿ, ಹೆಸರು ಈಡಾ ಎಂದು ಅಲ್ಲಿ ತಿಳಿಯುತ್ತದೆ. ವಾಂಡಾ ಸ್ಟಾಲಿನ್ ಕಾಲದಲ್ಲಿ ಸರ್ಕಾರಿ ವಕೀಲೆಯಾಗಿ ಜನರನ್ನು ಗಲ್ಲಿಗೆ ಕಳಿಸಿದವಳು, ಈಗ ಕುಡಿತಕ್ಕೆ ಬಿದ್ದಿದ್ದಾಳೆ. ಕಾಡಿನ ದೃಶ್ಯವನ್ನು ಮತ್ತೊಮ್ಮೆ ನೋಡಿ. ಯುದ್ಧಕಾಲದಲ್ಲಿ ಈಡಾಳ ಹೆತ್ತವರನ್ನೂ ವಾಂಡಾಳ ಮಗನನ್ನೂ ಕೊಂದು ಹೂತಿದ್ದ ರೈತ ಫೆಲಿಕ್ಸ್, ತಾನೇ ಆ ಗುಂಡಿ ಅಗೆದು ಅದರೊಳಗೇ ಕೂತಿದ್ದಾನೆ. ‘ನಾನೇಕೆ ಇಲ್ಲಿಲ್ಲ?’ ಎಂದು ಈಡಾ ಕೇಳುತ್ತಾಳೆ. ನೀನು ಪುಟ್ಟವಳು, ಯಹೂದಿ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ ಎನ್ನುತ್ತಾನೆ. ವಾಂಡಾಳ ಮಗ ಕಪ್ಪಗಿದ್ದ, ಸುನ್ನತಿಯಾಗಿತ್ತು, ಅವನನ್ನು ಬಿಡಲಿಲ್ಲ. ವಾಂಡಾ ಮಗನ ತಲೆಬುರುಡೆಯನ್ನು ಸ್ಕಾರ್ಫಿನಲ್ಲಿ ಸುತ್ತಿ ಎತ್ತಿಕೊಂಡು ನಡೆಯುತ್ತಾಳೆ. ಅಳು, ಹಿನ್ನೆಲೆ ಸಂಗೀತ ಯಾವುದರಿಂದಲೂ ಇದನ್ನು ಉಬ್ಬಿಸಿಲ್ಲ. ಫ್ಲ್ಯಾಶ್‌ಬ್ಯಾಕಿನಲ್ಲಿ ಕೊಲೆ ತೋರಿಸಿದ್ದರೆ ಕೊಲೆಗಾರನ ಈ ಲೆಕ್ಕಾಚಾರ ನಮಗೆ ಇಷ್ಟು ಹತ್ತಿರದಿಂದ ಕೇಳುತ್ತಿರಲಿಲ್ಲ.

ಚಿತ್ರದುದ್ದಕ್ಕೂ ಬಹುತೇಕ ಅಲುಗಾಡದ ಕ್ಯಾಮೆರಾ ಕೊನೆಗೆ ರಸ್ತೆಯಲ್ಲಿ ನಡೆಯುವ ಈಡಾಳೊಂದಿಗೆ, ಸ್ಟ್ಯಾಂಡಿಲ್ಲದೆ ಛಾಯಾಗ್ರಾಹಕರ ಕೈಯಲ್ಲೇ ಸಾಗುತ್ತದೆ, ಜರ್ಮನ್ ಸಂಯೋಜಕ ಬಾಖ್‌ನ ಸಂಗೀತ ಕೇಳುತ್ತದೆ. ಮುಗಿಯಿತೆಂದು ಅಲ್ಲೇ ದೀಪ ಹಾಕಬೇಡಿ ಎಂದು ಸ್ವಿಚ್ಚಿನ ಬಳಿ ಕೂರುವವರಿಗೆ ಮೊದಲೇ ಹೇಳಿಡಿ.