ಕ್ರೂಸ್ ಹಡಗಿನಲ್ಲಿ ಮಂಗಳೂರಿಗೆ ಬರುವ ವಿದೇಶಿಗರು ದಡಕ್ಕಿಳಿದ ಮೇಲೆ ಏನು ಬಯಸುತ್ತಾರೆ?

ಎಲ್ಲಕ್ಕಿಂತ ಜಾಸ್ತಿ, ಹೊತ್ತಿಗೆ ಸರಿಯಾಗಿ ವಾಪಸ್ ಬರುವ ಭರವಸೆ. ಹಡಗು ಸಾಮಾನ್ಯವಾಗಿ ಬೆಳಿಗ್ಗೆ ಪಣಂಬೂರಿನ ಬಂದರಿಗೆ ಬಂದು ಸಂಜೆ ಹೊರಟುಬಿಡುತ್ತದೆ. ತಾವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಯಾರೂ ಕಾಯುವುದಿಲ್ಲ. ಅದಕ್ಕೇ ದುಬಾರಿಯಾದರೂ ತುಂಬಾ ಜನ ಹಡಗಿನವರ ಬಸ್ಸನ್ನೇ ಹಿಡಿಯುತ್ತಾರೆ.

ಆಮೇಲೆ, ಬೇರೆ ಬಂದರಿನಲ್ಲಿ ಸಿಗದ್ದು ಬೇಕು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೆನಿ ಬಿಡಿಸಿದ ಚಿತ್ರಗಳು, ಕದ್ರಿ ದೇವಸ್ಥಾನ. ಗೇರುಬೀಜದ ಕಾರ್ಖಾನೆ ಕೂಡ! ಅದರಲ್ಲೇನಿದೆ ಅಂತ ನಮಗೆ ಅನ್ನಿಸಬಹುದು. ಆದರೆ ತಾವು ತಿನ್ನುವ ಬೀಜದ ಸಿಪ್ಪೆ ಬಿಡಿಸುವುದನ್ನು ಅವರು ಎಲ್ಲಿ ನೋಡಿರುತ್ತಾರೆ, ಅಲ್ವಾ?

ಬರುವವರಲ್ಲಿ ವಯಸ್ಸಾದವರು ಜಾಸ್ತಿ. ನೆರಳು, ಕ್ಲೀನ್ ಟಾಯ್ಲೆಟ್, ಕಡಿಮೆ ಮೆಟ್ಟಿಲು ಬೇಕೇ ಬೇಕು. ಗೈಡ್‌ಗಳು ಕಮಿಷನ್ ಆಸೆಗೆ ಅಂಗಡಿಯಲ್ಲಿ ಸುಮ್ನೆ ಕೂರಿಸಿದರೆ ಮಾತ್ರ ಸಿಟ್ಟಾಗುತ್ತಾರೆ.