‘ಕ್ರೈಸ್ ನೌಗಾರ್ಟ್’ ಎಂಬ ಊರು ನಕ್ಷೆಯಲ್ಲಿ ಏಕೆ ಸಿಗುವುದಿಲ್ಲ?

ಪ್ರಶ್ನೆ: ನನ್ನ ಮಗಳು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಳೆ. ಅಳಿಯ ಅಲ್ಲಿಯವರೇ, ಅವರ ಹಿರಿಯರು ಜರ್ಮನಿಯಿಂದ ಬಂದವರು. ನಿವೃತ್ತನಾದ ಮೇಲೆ ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶಾವಳಿ ಬರೆದಿಡಲು ಹೊರಟಿದ್ದೇನೆ. ನಮ್ಮ ಕಡೆಯದು ಏಳು ತಲೆಮಾರು ಸಿಕ್ಕಿತು. ಅಳಿಯನ ಕಡೆಯದು ಅವರ ಮುತ್ತಜ್ಜನ ಬಳಿ ನಿಂತುಹೋಗಿದೆ. ಅವರು 1861ರಲ್ಲಿ ಹುಟ್ಟಿ 1882ರಲ್ಲಿ ಹಡಗು ಹತ್ತಿದವರು. ಮರಣಪತ್ರದಲ್ಲಿ ಹುಟ್ಟೂರು ‘ಕ್ರೈಸ್ ನೌಗಾರ್ಟ್, ಪ್ರಷ್ಯ’ ಎಂದಿದೆ. ಅದರಲ್ಲಿ ‘ನೌ’ ಎಂಬುದನ್ನು ಎನ್, ಒ, ಡಬ್ಲ್ಯು ಎಂದು ಬರೆದಿದ್ದಾರೆ, ಕೊನೆಯ ಅಕ್ಷರ ಟಿ. ಜನಗಣತಿಯಲ್ಲಿ ಬರೇ ‘ಜರ್ಮನಿ’. ಇಂಟರ್‌ನೆಟ್ಟಿನಲ್ಲಿ ಯಾರೋ ಹಾಕಿರುವ ವಂಶವೃಕ್ಷದಲ್ಲಿ ‘ನೊವ್‌ಗೊರೊದ್, ರಷ್ಯ’. ಇವುಗಳಲ್ಲಿ ಯಾವುದನ್ನು ನಂಬಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮರಣಪತ್ರವನ್ನು ನಂಬಿ. ಅದರ ಕಾಗುಣಿತ ತಪ್ಪು, ಆದರೆ ಸಾಕ್ಷ್ಯ ಸರಿಯಾಗಿದೆ. ಮುತ್ತಜ್ಜ ಆಡುತ್ತಿದ್ದ ಹೆಸರನ್ನು ಕೇಳಿ ಬೆಳೆದ ಮನೆಯವರು ಯಾರೋ ಅದನ್ನು ಹೇಳಿರಬೇಕು, ಜರ್ಮನ್ ಬಾರದ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿರಬೇಕು. ಆದ್ದರಿಂದ ಆ ಕಾಗುಣಿತವನ್ನು ತಿದ್ದುವ ಬದಲು ಗಟ್ಟಿಯಾಗಿ ಓದಿ ನೋಡುವುದು ಮೊದಲ ಕೆಲಸ. ಜರ್ಮನ್ ಭಾಷೆಯಲ್ಲಿ ಎ ಮತ್ತು ಯು ಅಕ್ಷರಗಳು ಜೊತೆಗೂಡಿದರೆ ‘ಔ’ ಎಂಬ ಉಚ್ಚಾರ ಬರುತ್ತದೆ, ಪದದ ಕೊನೆಯ ಡಿ ಬಾಯಲ್ಲಿ ‘ಟ್’ ಆಗುತ್ತದೆ. ಜರ್ಮನರು ಎನ್-ಎ-ಯು-ಜಿ-ಎ-ಆರ್-ಡಿ ಎಂದು ಬರೆಯುತ್ತಿದ್ದ ಊರನ್ನು ‘ನೌಗಾರ್ಟ್’ ಎಂದೇ ಕರೆಯುತ್ತಿದ್ದರು. ಇದು ಪ್ರಷ್ಯ ಎಂಬ ಜರ್ಮನ್ ಅರಸೊತ್ತಿಗೆಯ ಪೊಮೆರೇನಿಯ ಪ್ರಾಂತ್ಯದಲ್ಲಿತ್ತು. ಎರಡನೆಯ ಮಹಾಯುದ್ಧದ ನಂತರ ಆ ಭಾಗ ಪೋಲೆಂಡಿಗೆ ಸೇರಿ, ಊರಿನ ಹೆಸರು ನೊವೊಗಾರ್ಡ್ ಆಯಿತು. ಇಂದಿನ ನಕ್ಷೆಯಲ್ಲಿ ಇದನ್ನು ಶ್ಚೆಚಿನ್ ನಗರದ ಈಶಾನ್ಯಕ್ಕೆ ಹುಡುಕಬೇಕು. ಆ ಶ್ಚೆಚಿನ್ ಕೂಡ ಅಳಿಯನ ಮುತ್ತಜ್ಜನವರ ಕಾಲದಲ್ಲಿ ಷ್ಟೆಟಿನ್ ಆಗಿತ್ತು.

ಇನ್ನು ‘ಕ್ರೈಸ್’. ಇದು ಊರಿನ ಹೆಸರಲ್ಲ, ನಮ್ಮ ತಾಲ್ಲೂಕಿಗೆ ಹತ್ತಿರವಾದ ಒಂದು ಆಡಳಿತ ಘಟಕ. (ಈ ಕೆಲಸಕ್ಕೆ ಕೈಹಾಕಿದ ಹೊಸದರಲ್ಲಿ ಕ್ರೈಸ್ ಎಂಬ ಹಳ್ಳಿಗಾಗಿ ನಾನೂ ಎರಡು ದಿನ ನಕ್ಷೆಯ ಮುಂದೆ ಕುಳಿತವನೇ.) ಹಾಗಾಗಿ ನಿಮ್ಮ ಕೈಯಲ್ಲಿರುವುದು ತಾಲ್ಲೂಕಿನ ಹೆಸರು, ಹಳ್ಳಿ ಇನ್ನೂ ಸಿಕ್ಕಿಲ್ಲ. ಊರು ಯಾವುದು ಎಂದು ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ಹಳ್ಳಿಯ ಹೆಸರು ಹೇಳದೆ ‘ಸಾಗರದ ಹತ್ತಿರ’ ಎಂದುಬಿಡುವುದು ನಿಮ್ಮ ಜಿಲ್ಲೆಯವರಿಗೆ ಹೊಸದೇನಲ್ಲವಷ್ಟೆ. ವಲಸೆ ಹೋದವರೂ ಅದನ್ನೇ ಮಾಡುತ್ತಿದ್ದರು.

ನೊವ್‌ಗೊರೊದ್ ಎಂಬುದು ತೀರ ಬೇರೆಯ ಊರು. ಕಾಗುಣಿತ ಹೊಂದದಿದ್ದಾಗ ವಂಶವೃಕ್ಷದ ಜಾಲತಾಣಗಳು ತಾವಾಗಿಯೇ ಒಂದು ಪ್ರಸಿದ್ಧ ಊರನ್ನು ಸೂಚಿಸುತ್ತವೆ, ಅವಸರದಲ್ಲಿ ಅದನ್ನು ಒಪ್ಪಿಬಿಟ್ಟರೆ ಮುಂದೆ ಹತ್ತಾರು ಮಂದಿ ಅದನ್ನೇ ನಕಲು ಮಾಡುತ್ತಾರೆ. ‘ಪ್ರಷ್ಯ’ದ ಮೊದಲ ಅಕ್ಷರ ಮಸುಕಾಗಿ ಅದು ‘ರಷ್ಯ’ವಾಗುವುದೂ ಉಂಟು. ಜನಗಣತಿಯ ‘ಜರ್ಮನಿ’ ಸುಳ್ಳಲ್ಲವಾದರೂ ಅದರಿಂದ ಉಪಯೋಗವಿಲ್ಲ, ಏಕೆಂದರೆ ಜರ್ಮನ್ ಸಾಮ್ರಾಜ್ಯ ರೂಪುಗೊಂಡದ್ದೇ 1871ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರನ್ನು ಅವರ ಅರಸೊತ್ತಿಗೆಯ ಹೆಸರಿನಲ್ಲೇ ಹುಡುಕಬೇಕು, ಆ ಅರಸೊತ್ತಿಗೆಗಳೂ ಬದಲಾಗುತ್ತಿದ್ದವು. ನಮ್ಮ ನಿಘಂಟುಕಾರ ಕಿಟ್ಟೆಲ್ ಅವರನ್ನೇ ನೋಡಿ: 1832ರಲ್ಲಿ ಅವರು ಹುಟ್ಟಿದಾಗ ರೆಸ್ಟರ್‌ಹಾಫ ಎಂಬ ಆ ಪುಟ್ಟ ಊರು ಹ್ಯಾನೋವರ್ ರಾಜ್ಯದಲ್ಲಿತ್ತು, 1866ರಲ್ಲಿ ಪ್ರಷ್ಯಕ್ಕೆ ಸೇರಿತು, ಈಗ ಲೋವರ್ ಸ್ಯಾಕ್ಸನಿಯಲ್ಲಿದೆ. ಊರು ಇದ್ದಲ್ಲಿಯೇ ಇದ್ದರೂ ಮೂರು ಕಾಲದ ದಾಖಲೆಗಳಲ್ಲಿ ಮೂರು ವಿಳಾಸಗಳು.

ಹಳ್ಳಿಯ ಹೆಸರಿಗಾಗಿ ಪೋಲೆಂಡಿಗೆ ಬರೆಯುವ ಮೊದಲು ವಿಸ್ಕಾನ್ಸಿನ್‌ನಲ್ಲೇ ಹುಡುಕಿ ಮುಗಿಸಿ. ಅಲ್ಲಿನ ಲೂಥರನ್ ಚರ್ಚುಗಳ ಪಾದ್ರಿಗಳು ಬಹುಕಾಲ ಜರ್ಮನ್ ಭಾಷೆಯಲ್ಲೇ ವಹಿ ಬರೆಯುತ್ತಿದ್ದರು, ಆ ಊರುಗಳ ಪರಿಚಯವೂ ಅವರಿಗಿತ್ತು. ಹೀಗಾಗಿ ಸರ್ಕಾರಿ ಕಾಗದಗಳಲ್ಲಿ ಸಿಗದ ಹಳ್ಳಿ ಚರ್ಚಿನ ಮದುವೆ ಅಥವಾ ಸಮಾಧಿಯ ನಮೂದಿನಲ್ಲಿ ಸರಿಯಾದ ಕಾಗುಣಿತದೊಂದಿಗೆ ಸಿಗುವ ಸಂಭವ ಹೆಚ್ಚು. ಮುತ್ತಜ್ಜನವರದು ಸಿಗದಿದ್ದರೆ ಅವರ ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿಗಳಾಗಿ ನಿಂತವರು ಯಾರೆಂದು ನೋಡಿ. ಒಂದೇ ಊರಿನವರು ಒಟ್ಟಿಗೆ ವಲಸೆ ಹೋಗಿ ಅಕ್ಕಪಕ್ಕದಲ್ಲಿ ನೆಲೆಸುವುದು ಸಾಮಾನ್ಯವಾಗಿತ್ತು. 1882ರಲ್ಲಿ ಅವರು ಹತ್ತಿದ್ದು ಹ್ಯಾಂಬರ್ಗ್ ಬಂದರಿನಲ್ಲಾಗಿದ್ದರೆ ನಿಮ್ಮ ಅದೃಷ್ಟ. ಅಲ್ಲಿಂದ ಹೊರಟವರ ಪಟ್ಟಿಗಳು 1850ರಿಂದ ಉಳಿದಿವೆ, ಕೊನೆಯದಾಗಿ ವಾಸವಿದ್ದ ಊರನ್ನೂ ಹೇಳುತ್ತವೆ. ಬ್ರೆಮೆನ್ ಬಂದರಿನ ಆ ಕಾಲದ ಪಟ್ಟಿಗಳು ಉಳಿದಿಲ್ಲ.

ಹಳ್ಳಿಯ ಹೆಸರು ಹೇಗೇ ಸಿಗಲಿ, ಅದನ್ನು 1912ರಲ್ಲಿ ಪ್ರಕಟವಾದ ‘ಮೈಯರ್ಸ್’ ಸ್ಥಳಕೋಶದಲ್ಲಿ ಪರೀಕ್ಷಿಸಿ. ಮೊದಲ ಮಹಾಯುದ್ಧಕ್ಕೆ ಮುಂಚಿನ ಜರ್ಮನ್ ಸಾಮ್ರಾಜ್ಯದ ಊರುಗಳು ಆಗಿನ ಹೆಸರಿನಲ್ಲೇ ಅದರಲ್ಲಿವೆ, ಯಾವ ಊರು ಯಾವ ಕ್ರೈಸ್‌ಗೆ ಸೇರಿತ್ತು, ಜನನ ಮರಣಗಳ ನೋಂದಣಿ ಕಚೇರಿ ಎಲ್ಲಿತ್ತು ಎಂಬುದೂ ಇದೆ. ಅಂತರಜಾಲದಲ್ಲಿ ಇದು ಉಚಿತ. ಸಂದೇಹವಿರುವ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಬಹುದು. ಆದರೆ ಹೆಸರು ಹೊಂದಿದ ಮಾತ್ರಕ್ಕೆ ತೃಪ್ತರಾಗಬೇಡಿ. ನಮ್ಮಲ್ಲಿ ಹೊಸಹಳ್ಳಿಗಳು ಎಷ್ಟಿವೆಯೋ ಅಲ್ಲಿ ಅದೇ ಅರ್ಥದ ನೊಯ್‌ಡೋರ್ಫ್‌ಗಳೂ ಅಷ್ಟಿವೆ. ನಿಮಗೆ ಬೇಕಾದದ್ದು ನೌಗಾರ್ಟ್ ಕ್ರೈಸ್‌ನೊಳಗಿನ ಊರು ಮಾತ್ರ. ಹಳೆಯ ಜರ್ಮನ್ ಹೆಸರಿನಿಂದ ಇಂದಿನ ಪೋಲಿಷ್ ಹೆಸರಿಗೆ ಹೋಗಲು ‘ಕಾರ್ಟನ್‌ಮೈಸ್ಟರ್’ ಎಂಬ ಜಾಲತಾಣ ಅನುಕೂಲ.

ಹುಡುಕುವಾಗ ಎರಡು ಬಲೆಗಳಿವೆ. ಆ ಪ್ರದೇಶದ ಅನೇಕ ಊರುಗಳ ಹೆಸರು ಬರಹದಲ್ಲಿ ಒ-ಡಬ್ಲ್ಯು ಎಂದು ಕೊನೆಗೊಳ್ಳುತ್ತವೆ, ಆದರೆ ಆ ಡಬ್ಲ್ಯುವನ್ನು ಉಚ್ಚರಿಸುವುದಿಲ್ಲ. ಅದೇ ಕ್ರೈಸ್‌ನ ಗೊಲ್ನೋ, ಮಾಸ್ಸೋ ಪಟ್ಟಣಗಳು ಹೀಗೆ. ಅಮೆರಿಕದ ಕಾಗದದಲ್ಲಿ ‘ಮಾಸೋ’ ಎಂದು ಒ ಅಕ್ಷರಕ್ಕೇ ನಿಂತಿದ್ದರೆ ಕೊನೆಗೆ ಡಬ್ಲ್ಯು ಸೇರಿಸಿ ನೋಡಿ. ಎರಡನೆಯದು ಕೈಬರಹ. ಕುರೆಂಟ್ ಎಂಬ ಹಳೆಯ ಜರ್ಮನ್ ಲಿಪಿಯಲ್ಲಿ ಇ, ಎನ್, ಯು ಮೂರೂ ಒಂದೇ ಬಗೆಯ ಎರಡು ಗೀಟುಗಳು. ಯು ಎಂದು ಗುರುತಿಸಲು ಅದರ ಮೇಲೆ ಒಂದು ಕೊಂಕು ಎಳೆಯುತ್ತಿದ್ದರು. ಆ ಕೊಂಕು ಮಾಸಿದರೆ ನೌಗಾರ್ಟ್ ‘ನಂಗಾರ್ಟ್’ ಆಗುತ್ತದೆ, ಸೂಚಿ ತಯಾರಿಸಿದವರು ಹಾಗೆಯೇ ನಮೂದಿಸಿರಬಹುದು. (ನೈಋತ್ಯದ ವ್ಯುರ್ಟೆಂಬರ್ಗ್ ಕಡೆಯ ಹಿರಿಯರನ್ನು ಹುಡುಕುವವರಿಗೆ ತೊಡಕು ಬೇರೆ: ಅಲ್ಲಿನ ಆಡುಮಾತಿನಲ್ಲಿ ಪ-ಬ, ಟ-ಡಗಳ ಭೇದ ಸವೆದಿದ್ದು, ಟ್ಯೂಬಿಂಗನ್ ಎಂಬುದು ‘ಡಿಬಿಂಗ’ ಎಂದು ಕೇಳಿಸುತ್ತದೆ.)

ಪ್ರಷ್ಯದಲ್ಲಿ ಸರ್ಕಾರಿ ಜನನ ನೋಂದಣಿ ಆರಂಭವಾದದ್ದು 1874ರ ಅಕ್ಟೋಬರ್ 1ರಂದು. 1861ರ ಜನನಕ್ಕೆ ಚರ್ಚಿನ ವಹಿಯೇ ಆಧಾರ. ಪೊಮೆರೇನಿಯದ ಎಷ್ಟೋ ವಹಿಗಳು ಯುದ್ಧದಲ್ಲಿ ಹಾಳಾದವು. ಉಳಿದವುಗಳಿಗೆ ಶ್ಚೆಚಿನ್‌ನ ಪೋಲಿಷ್ ರಾಜ್ಯ ಪತ್ರಾಗಾರವನ್ನೂ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿರುವ ಚರ್ಚಿನ ಪತ್ರಾಗಾರವನ್ನೂ ವಿಚಾರಿಸಿ. ಮೊದಲನೆಯದಕ್ಕೆ ಬರೆಯುವಾಗ ಊರಿನ ಪೋಲಿಷ್ ಹೆಸರನ್ನೂ ಎರಡನೆಯದಕ್ಕೆ ಜರ್ಮನ್ ಹೆಸರನ್ನೂ ಮುಂದಿಡಿ. ಮೊಮ್ಮಗಳ ವಂಶಾವಳಿಯಲ್ಲಿ 1861ರ ಹೆಸರು, ಇಂದಿನ ಹೆಸರು ಎರಡನ್ನೂ ಬರೆದು, ಗುಮಾಸ್ತನ ‘ನೌಗಾರ್ಟ್’ ಕಾಗುಣಿತವನ್ನು ಇದ್ದಂತೆಯೇ ಪಕ್ಕದಲ್ಲಿ ಉಳಿಸಿ. ಇದೇ ಮನೆತನದ ಇನ್ನೊಂದು ಕಾಗದ ಮುಂದೆ ಸಿಕ್ಕಿದರೆ ತಾಳೆ ನೋಡಲು ಅದೇ ಬೇಕಾಗುತ್ತದೆ.