ಹೈಟ್ಲರ್ ಭೌತವಿಜ್ಞಾನಿ ಅಲ್ಲವೇ, ಕೆಮಿಸ್ಟ್ರಿ ಪುಸ್ತಕದಲ್ಲಿ ಅವರ ಹೆಸರು ಯಾಕೆ?

ಮೊದಲ ಪಿಯುಸಿ ಕೆಮಿಸ್ಟ್ರಿಯಲ್ಲಿ ‘ಹೈಟ್ಲರ್ ಮತ್ತು ಲಂಡನ್, 1927’ ಅಂತ ಒಂದು ಸಾಲು ಬಂದು ಹೋಗುತ್ತೆ, ಅವರು ಮಾಡಿದ್ದೇನು ಅಂತ ಕೇಳಿದ್ದೀರಿ. ನನಗೆ ತುಂಬ ಇಷ್ಟವಾದ ಕೆಲಸ ಅದು, ಸ್ವಲ್ಪ ಬಿಡಿಸಿಯೇ ಹೇಳ್ತೀನಿ.

ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುತ್ತವೆ ಅಂತ ಅಮೆರಿಕದ ರಸಾಯನವಿಜ್ಞಾನಿ ಲೂಯಿಸ್ 1916ರಲ್ಲೇ ಹೇಳಿದ್ದರು. ಆದರೆ ಹಂಚಿಕೊಂಡ ಮಾತ್ರಕ್ಕೆ ಯಾಕೆ ಅಂಟಿಕೊಳ್ಳಬೇಕು? ಹೈಡ್ರೋಜನ್ ಪರಮಾಣುಗಳೆರಡೂ ತಟಸ್ಥ. ಎಲೆಕ್ಟ್ರಾನ್‌ಗಳೋ ಒಂದನ್ನೊಂದು ದೂಡುವಂಥವು.

ವಾಲ್ಟರ್ ಹೈಟ್ಲರ್ ಆಗ 23ರ ಯುವಕ. ಎಲೆಕ್ಟ್ರಾನ್‌ಗಳನ್ನು ತರಂಗವಾಗಿ ವಿವರಿಸುವ ಸಮೀಕರಣ ಕೊಟ್ಟ ಶ್ರೋಡಿಂಗರ್ ಇದ್ದ ಜ್ಯೂರಿಕ್‌ನಲ್ಲಿ ಅವರಿಗೆ ಇನ್ನೊಬ್ಬ ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ ಜೊತೆಯಾದರು. ಬರೀ ವಿದ್ಯುದಾವೇಶಗಳ ಸೆಳೆತ ಹಿಡಿದು ಲೆಕ್ಕ ಹಾಕಿದರೆ ಬಂಧ ತೀರಾ ದುರ್ಬಲ ಬರುತ್ತಿತ್ತು. ಒಂದು ಮಧ್ಯಾಹ್ನ ಮಲಗಿ ಸಂಜೆ ಐದರ ಹೊತ್ತಿಗೆ ಎದ್ದಾಗ ಉತ್ತರ ಕಣ್ಣೆದುರಿಗಿತ್ತು ಅಂತ ಹೈಟ್ಲರ್ ಮುಂದೆ ನೆನಪಿಸಿಕೊಂಡಿದ್ದಾರೆ.

ಆ ಉತ್ತರ ಇದು. ಎರಡು ಎಲೆಕ್ಟ್ರಾನ್‌ಗಳಲ್ಲಿ ಇದು ಯಾವುದು, ಅದು ಯಾವುದು ಅಂತ ಗುರುತಿಸೋಕೆ ಆಗಲ್ಲ. ಒಂದನೆಯದು ಎಡ ನ್ಯೂಕ್ಲಿಯಸ್ ಬಳಿ, ಎರಡನೆಯದು ಬಲದ ಬಳಿ ಅನ್ನೋದು ಎಷ್ಟು ಸರಿಯೋ, ಅದಲುಬದಲಾಗಿದೆ ಅನ್ನೋದೂ ಅಷ್ಟೇ ಸರಿ. ಹಾಗಾಗಿ ಎರಡೂ ಸಾಧ್ಯತೆಗಳ ತರಂಗಫಲನಗಳನ್ನು (ಎಲೆಕ್ಟ್ರಾನ್ ಎಲ್ಲಿ ಎಷ್ಟು ಸಿಗಬಹುದು ಅಂತ ತಿಳಿಸುವ ಗಣಿತ ರೂಪಗಳನ್ನು) ಬೆಸೆಯಲೇಬೇಕು. ಕೂಡಿದರೆ ನ್ಯೂಕ್ಲಿಯಸ್‌ಗಳ ನಡುವೆ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚುತ್ತೆ, ಶಕ್ತಿ ಇಳಿಯುತ್ತೆ, ಬಂಧ ಏರ್ಪಡುತ್ತೆ. ಕಳೆದರೆ ವಿಕರ್ಷಣೆ. ಕೂಡುವ ಸ್ಥಿತಿಗೆ, ಪೌಲಿ ನಿಯಮದಂತೆ (ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ), ಎರಡರ ಸ್ಪಿನ್, ಅಂದರೆ ಎಲೆಕ್ಟ್ರಾನ್‌ನ ತಿರುಗುವಿಕೆಯಂಥ ಸಹಜ ಗುಣ, ವಿರುದ್ಧವಾಗಿರಬೇಕು. ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನು ತೋರಿಸಲು ಲೂಯಿಸ್ ಬರೆದ ಜೋಡಿ ಚುಕ್ಕಿಗೆ ಕಾರಣ ಸಿಕ್ಕಿದ್ದು ಇಲ್ಲೇ! ಮೂರನೇ ಹೈಡ್ರೋಜನ್ ಬಂದರೆ ಅದರ ಜೊತೆ ಸೇರಲು ಒಂಟಿ ಎಲೆಕ್ಟ್ರಾನ್ ಉಳಿದಿರಲ್ಲ. ವೇಲೆನ್ಸಿಗೆ, ಅಂದರೆ ಒಂದು ಪರಮಾಣು ಕಟ್ಟಬಲ್ಲ ಬಂಧಗಳ ಸಂಖ್ಯೆಗೆ, ಮಿತಿ ಇರೋದೂ ಇದರಿಂದಲೇ.

ಈ ವಿಧಾನದಲ್ಲಿ ಹೈಡ್ರೋಜನ್ ಅಣುವಿನ ಬಂಧಶಕ್ತಿ (ಬಂಧ ಮುರಿಯಲು ಬೇಕಾದ ಶಕ್ತಿ) ಸುಮಾರು 3.1 ಎಲೆಕ್ಟ್ರಾನ್ ವೋಲ್ಟ್, ಪ್ರಯೋಗದ ಬೆಲೆ 4.7. ಬಂಧದೂರ 0.87 ಆಂಗ್‌ಸ್ಟ್ರಾಮ್ ಬರುತ್ತೆ, ನಿಜವಾಗಿ 0.74. ಅಂತರ ಸಣ್ಣದಲ್ಲ. ಆದರೂ ಪ್ರಯೋಗದ ಅಳತೆಗೆ ಹೊಂದಿಸಿಕೊಳ್ಳದೆ, ಬರೀ ಶ್ರೋಡಿಂಗರ್ ಸಮೀಕರಣದಿಂದ ಒಂದು ಅಣುವನ್ನು ಇಷ್ಟು ಹತ್ತಿರ ತಂದದ್ದು ನನ್ನ ದೃಷ್ಟಿಯಲ್ಲಿ ಆ ದಶಕದ ದೊಡ್ಡ ಸಾಧನೆಗಳಲ್ಲಿ ಒಂದು. ಕ್ವಾಂಟಮ್ ರಸಾಯನಶಾಸ್ತ್ರ ಶುರುವಾಗಿದ್ದೇ ಇಲ್ಲಿಂದ ಅಂತ ಹಲವರು ಹೇಳ್ತಾರೆ.

ನೀವು ಓದುವ ಹೈಬ್ರಿಡೈಸೇಷನ್ (ಒಂದು ಪರಮಾಣುವಿನ ಆರ್ಬಿಟಲ್‌ಗಳು ಬೆರೆತು ಹೊಸವಾಗುವುದು) ರಸಾಯನವಿಜ್ಞಾನಿ ಪಾಲಿಂಗ್ ಇದರ ಮೇಲೆ ಕಟ್ಟಿದ್ದು. ಆಕ್ಸಿಜನ್ ಯಾಕೆ ಅಯಸ್ಕಾಂತಕ್ಕೆ ಸೆಳೆಯಲ್ಪಡುತ್ತೆ ಅನ್ನೋದಕ್ಕೆ ಮಾತ್ರ ಹುಂಡ್, ಮಲಿಕನ್ ಅವರ ಮಾಲಿಕ್ಯುಲರ್ ಆರ್ಬಿಟಲ್ ದಾರಿಯೇ (ಎಲೆಕ್ಟ್ರಾನ್‌ಗಳು ಇಡೀ ಅಣುವಿಗೆ ಸೇರಿದವು ಅಂತ ನೋಡುವ ವಿಧಾನ) ಸುಲಭ. ಮುಂದಿನ ಪುಟಗಳಲ್ಲಿ ಅದೂ ಬರುತ್ತೆ. ಹೈಟ್ಲರ್ ಅಷ್ಟರಲ್ಲಿ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಕಡೆ ಹೊರಳಿದ್ದರು. 1937ರಲ್ಲಿ ಹೋಮಿ ಭಾಭಾ ಜೊತೆ ಅವು ಎಬ್ಬಿಸುವ ಕಣಗಳ ಸುರಿಮಳೆಗೆ ವಿವರಣೆ ಕೊಟ್ಟವರು ಇದೇ ಹೈಟ್ಲರ್.